ಅಪ್ಪ ಅಡುಗೆ ಮಾಡಿದ ಹತ್ತು ದಿನ

ಹಲಸೂರಿನ ನಮ್ಮ ಮನೆಗೆ ಮೂರೇ ಕೋಣೆ. ಬೀದಿ ಬಾಗಿಲಿಗೆ ನಡುಮನೆ, ಅದರ ಹಿಂದೆ ಹಗಲೂ ಕತ್ತಲಿರುತ್ತಿದ್ದ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ, ಆಮೇಲೆ ಹಿತ್ತಲು. ಹಿತ್ತಲಿನಿಂದ ನಡುಮನೆಗೆ ಬರಬೇಕಾದರೆ ಅಡುಗೆಮನೆ ಹಾದೇ ಬರಬೇಕು. ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಅಪ್ಪ ಒಬ್ಬ ಮಾತ್ರ ಹಾಗೆ ಬರುವಂತಿರಲಿಲ್ಲ. ಕೆಲಸ ಮುಗಿಸಿ ಬಂದವನು ಪಕ್ಕದ ಸಂದಿಯಲ್ಲಿ ಸೈಕಲ್ ತಳ್ಳಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಅದೇ ಸಂದಿಯಲ್ಲಿ ವಾಪಸು ನಡೆದು, ಮನೆಯನ್ನು ಸುತ್ತಿಕೊಂಡು ಬೀದಿ ಬಾಗಿಲಿನಿಂದ ಒಳಗೆ ಬರುತ್ತಿದ್ದ. ಮಳೆ ಹುಯ್ಯುತ್ತಿದ್ದರೂ ಅಷ್ಟೇ. ನಡುಮನೆಯ ಗೋಡೆಗೆ ಒರಗಿ ಕೂತರೆ ಅಮ್ಮ ತಟ್ಟೆ ತಂದಿಟ್ಟು, ಕೈ ತಾಗದಂತೆ ಎತ್ತರದಿಂದ ಬಡಿಸುತ್ತಿದ್ದಳು. ಚಿಕ್ಕವಳಾಗಿದ್ದಾಗ ಎಲ್ಲರ ಮನೆಯ ಅಪ್ಪಂದಿರೂ ಹೀಗೇ ಇರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ ಎಂದು ಗೊತ್ತಾದ ಮೇಲೆ ಶುರುವಾದ ಉರಿ ಇಷ್ಟು ವಯಸ್ಸಾದರೂ ಆರಿಲ್ಲ.

ಅಪ್ಪ ರಿಚರ್ಡ್ಸ್ ಟೌನಿನ ಒಂದು ಬಂಗಲೆಯಲ್ಲಿ ಅಡುಗೆಯವನಾಗಿದ್ದ. ಮೊದಲು ಅಲ್ಲಿ ತೋಟಕ್ಕೆ ನೀರು ಹಾಕುವ ಕೆಲಸ. ಯುದ್ಧ ಶುರುವಾಗಿ ಅವರ ಹಳೆಯ ಅಡುಗೆಯವನು ಪಟಾಲಮ್ಮಿನ ಜೊತೆ ಹೊರಟುಹೋದಾಗ ದೊರೆಸಾನಿ ಅಪ್ಪನನ್ನು ಒಳಗೆ ಕರೆದು ಈರುಳ್ಳಿ ಹೆಚ್ಚಿಸಿದಳಂತೆ. ಹೆಚ್ಚಿದ ಅಂದ ನೋಡಿ ಅವನ ಕೈಗೆ ಒಲೆಯನ್ನೇ ಕೊಟ್ಟಳು. ನಾವಾದರೋ ಲಿಂಗ ಕಟ್ಟಿದವರು; ಮೊಟ್ಟೆಯ ಸಿಪ್ಪೆಯನ್ನು ದಾಟಿದರೂ ಕಾಲು ತೊಳೆಯುವ ಜನ. ಆ ಕೆಲಸದಲ್ಲಿ ಕುರಿ, ಕೋಳಿ, ಹೆಸರು ಹೇಳಬಾರದ್ದು ಎಲ್ಲವೂ ಇತ್ತು. ಅಪ್ಪ ಬೆಳಿಗ್ಗೆ ಹೊರಡುವ ಮುಂಚೆ ಕೊರಳಿನ ಲಿಂಗದ ಕರಡಿಗೆಯನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಬಚ್ಚಲ ಪಕ್ಕದ ಗೂಡಿನಲ್ಲಿಟ್ಟು ಹೋಗುತ್ತಿದ್ದ. ಬಂದು ಸ್ನಾನವಾದ ಮೇಲೆ ಮತ್ತೆ ಧರಿಸುತ್ತಿದ್ದ. ಲಿಂಗವನ್ನು ಆ ಮನೆಯ ಅಡುಗೆಕೋಣೆಗೆ ಒಯ್ಯಬಾರದು ಎಂಬುದು ಅವನ ಲೆಕ್ಕ. ಲಿಂಗ ಕಳಚಿದ ಮೈ ಹೆಣಕ್ಕೆ ಸಮ ಎಂಬುದು ಅಜ್ಜಿಯ ಲೆಕ್ಕ.

ಅಜ್ಜಿಯನ್ನು ಬರೀ ಕಠಿಣಳು ಅಂದರೆ ತಪ್ಪಾಗುತ್ತದೆ. ಅವಳು ಗಂಡನನ್ನು ಕಳೆದುಕೊಂಡು, ಕೃಷ್ಣರಾಜಪುರದ ಆಚೆಯ ಹಳ್ಳಿಯಲ್ಲಿ ಕಂಡವರ ಮನೆಯ ರಾಗಿ ಬೀಸಿ ಒಬ್ಬನೇ ಮಗನನ್ನು ಸಾಕಿದವಳು. ಅಪ್ಪ ಒಲೆಯ ಮುಂದೆ ನಿಂತ ವರ್ಷ ಆ ಹಳ್ಳಿಯಲ್ಲಿ ಯಾರದೋ ಮನೆ ತುಂಬಿಸುವ ಊಟಕ್ಕೆ ಹೋಗಿದ್ದಳು. ಎಲೆಯ ಮೇಲೆ ಅನ್ನ ಬಿದ್ದಿತ್ತು. ಅಷ್ಟರಲ್ಲಿ ಒಬ್ಬ ಹಿರಿಯರು ಬಂದು, ‘ನೀನು ಏಳಮ್ಮ, ಆಮೇಲೆ ನೋಡೋಣ’ ಅಂದರಂತೆ. ಅವಳು ಎದ್ದಳು. ಆ ‘ಆಮೇಲೆ’ ಬರಲೇ ಇಲ್ಲ. ಇದನ್ನು ನನಗೆ ಒಂದೇ ಸಲ ಹೇಳಿದ್ದು, ಅದೂ ತಲೆ ಬಾಚುತ್ತಾ, ನನ್ನ ಮುಖ ತನಗೆ ಕಾಣದ ಹಾಗೆ ಕೂರಿಸಿಕೊಂಡು. ಆ ಎಲೆಯ ಮುಂದಿನಿಂದ ಎದ್ದವಳು ಹಲಸೂರಿನ ನಮ್ಮ ಮೂರು ಕೋಣೆಗೆ ಬಂದು, ಅಡುಗೆಮನೆಯ ಹೊಸ್ತಿಲನ್ನು ಕಾಯುತ್ತಾ ಕೂತುಬಿಟ್ಟಳು. ತನ್ನನ್ನು ಎಬ್ಬಿಸಿದವರನ್ನು ಒಂದು ದಿನವೂ ಬೈಯಲಿಲ್ಲ. ಬೈದದ್ದೆಲ್ಲ ಮಗನನ್ನು. ಇದು ನನಗೆ ಆಗ ಅರ್ಥವಾಗಲಿಲ್ಲ, ಈಗ ಅರ್ಥವಾದರೂ ಸಹಿಸಲಾಗುವುದಿಲ್ಲ.

ನಾನೇನು ಕಡಿಮೆ ಇರಲಿಲ್ಲ. ಶಾಲೆಯಲ್ಲಿ ಮೇಡಮ್ಮು ಒಬ್ಬೊಬ್ಬರನ್ನೇ ನಿಲ್ಲಿಸಿ ತಂದೆಯ ಕೆಲಸ ಕೇಳಿದಾಗ ನಾನು ‘ದೊರೆಯ ಹತ್ತಿರ ರೈಟರ್’ ಅಂದೆ. ನಮ್ಮ ಬೀದಿಯ ಟೈಲರನ ಮಗಳು ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು, ಆದರೆ ತುಟಿ ಬಿಚ್ಚಲಿಲ್ಲ. ಮನೆಗೆ ಬರುವಾಗ ಮಾತ್ರ ಕೇಳಿದಳು:

‘ಯಾಕೆ ಹಂಗಂದಿ? ನಿಮ್ಮಪ್ಪ ಮಾಡೋ ಕೇಕು ನಮ್ಮ ಅಬ್ಬಾಗೆ ಭಾಳ ಇಷ್ಟ.’

ನನಗೆ ಆಶ್ಚರ್ಯವಾಯಿತು. ಬಂಗಲೆಯಲ್ಲಿ ಮಿಕ್ಕಿದ ಕೇಕಿನ ಚೂರನ್ನು ಅಪ್ಪ ಅವರ ಮನೆಗೆ ಕೊಟ್ಟು ಬರುತ್ತಿದ್ದ. ನಮ್ಮ ಮನೆಗೆ ತರುವ ಹಾಗಿರಲಿಲ್ಲವಲ್ಲ. ಅಪ್ಪನ ಕೈ ಅಡುಗೆಯ ರುಚಿ ದೊರೆಗೆ ಗೊತ್ತು, ಟೈಲರಿಗೆ ಗೊತ್ತು, ನಮಗೆ ಗೊತ್ತಿಲ್ಲ.

ನಾನು ಹನ್ನೊಂದರವಳಾಗಿದ್ದಾಗ ಅಮ್ಮ ಹೆರಿಗೆಗೆಂದು ತವರಿಗೆ ಹೋದಳು. ಅದು ಬಿರುಬೇಸಗೆ. ಶಾಲೆಗೆ ರಜ ಬಿಟ್ಟಿದ್ದರು. ದೊರೆಯ ಸಂಸಾರ ಎಂದಿನಂತೆ ನೀಲಗಿರಿಗೆ ಹೊರಟುಹೋಗಿದ್ದರಿಂದ ಅಪ್ಪನಿಗೂ ಬಿಡುವು. ಬೆಳಿಗ್ಗೆ ಹೋಗಿ ಬಂಗಲೆಯ ಬಾಗಿಲು ಕಿಟಕಿ ತೆಗೆದು ಧೂಳು ಹೊಡೆದು ಬಂದರೆ ಆಯಿತು. ಮನೆಯಲ್ಲಿ ನಾವು ಮೂವರೇ. ಅಜ್ಜಿಯೇ ಅಡುಗೆ ಮಾಡುತ್ತಿದ್ದಳು. ಅಮ್ಮ ಹೋದ ವಾರಕ್ಕೆ ಅಜ್ಜಿ ಒದ್ದೆ ಸೀರೆಯಲ್ಲಿ ಕೊಡ ಹೊತ್ತು ಬರುವಾಗ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯರು ಬಂದು ಬಿದಿರು ದಬ್ಬೆ ಇಟ್ಟು ಬಿಗಿದು, ಒಂದು ತಿಂಗಳು ಕೈ ಅಲ್ಲಾಡಿಸಕೂಡದು ಎಂದು ಹೇಳಿಹೋದರು. ಅಜ್ಜಿಯ ಚಾಪೆಯನ್ನು ಗಾಳಿ ಬರಲೆಂದು ನಡುಮನೆಗೆ, ಬೀದಿ ಬಾಗಿಲ ಹತ್ತಿರಕ್ಕೆ ತಂದು ಹಾಕಿದೆವು.

ಒಲೆ ನನ್ನ ಪಾಲಿಗೆ ಬಂತು. ಅಜ್ಜಿ ಚಾಪೆಯ ಮೇಲಿಂದ ಕೂಗಿ ಹೇಳುವುದು, ನಾನು ಮಾಡುವುದು. ಮೊದಲ ದಿನ ಮುದ್ದೆಯ ತುಂಬ ಹಿಟ್ಟಿನ ಗಂಟು, ಎರಡನೆಯ ದಿನ ಬೇಳೆ ತಳ ಹತ್ತಿತು. ಮೂರನೆಯ ದಿನ ಎಸರು ಇಳಿಸುವಾಗ ಪಾದದ ಮೇಲೆ ಸುರಿದುಕೊಂಡೆ. ಅಜ್ಜಿ ಬೈಯಲಿಲ್ಲ. ಎರಡು ತುತ್ತು ನುಂಗಿ, ನೀರು ಕುಡಿದು, ‘ಸಾಕು’ ಅಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವಳ ಕೆನ್ನೆ ಒಳಗೆ ಹೋಗಿತ್ತು. ಅಪ್ಪ ಇದನ್ನೆಲ್ಲ ನಡುಮನೆಯ ಮೂಲೆಯಿಂದ ನೋಡುತ್ತಿದ್ದ. ನಾಲ್ಕನೆಯ ದಿನ ನಾನು ಹಿತ್ತಲಲ್ಲಿ ಸುಟ್ಟ ಪಾದವನ್ನು ನೀರಲ್ಲಿ ಅದ್ದಿಕೊಂಡು ಅಳುತ್ತಾ ಕೂತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

‘ಗಿರಿಜಾ, ಒಳಗಿಂದ ರಾಗಿ ಹಿಟ್ಟು, ಹುರುಳಿಕಾಳು, ಉಪ್ಪು ಕಾರ ಎಲ್ಲ ತಂದ್ಕೊಡು. ನಾನು ಅಡುಗೆಮನೆಗೆ ಕಾಲಿಡಲ್ಲ. ಇಲ್ಲೇ ಮಾಡ್ತೀನಿ.’

‘ಅಜ್ಜಿ?’

‘ನೀನು ಮಾಡಿದ್ದು ಅಂತ ಹೇಳು.’

‘ಸುಳ್ಳಲ್ವಾ ಅಪ್ಪ?’

‘ಹೌದು, ಸುಳ್ಳೇ. ಪಾಪ ಬಂದ್ರೆ ನನಗೆ ಬರ್ಲಿ. ಮೊದ್ಲು ಅವ್ವ ಉಣ್ಲಿ.’

ಸ್ನಾನ ಮಾಡಿ, ಲಿಂಗ ಧರಿಸಿ, ವಿಭೂತಿ ಇಟ್ಟುಕೊಂಡೇ ಅಪ್ಪ ಒಲೆ ಹೊತ್ತಿಸಿದ್ದು. ಬಚ್ಚಲ ಪಕ್ಕ ಮೂರು ಇಟ್ಟಿಗೆ, ಅದರ ಮೇಲೆ ಸಂತೆಯಿಂದ ಆಗ ತಾನೇ ತಂದ ಮಣ್ಣಿನ ಮಡಕೆ. ನೀರೊಲೆಯ ಹೊಗೆ ದಿನವೂ ಅಲ್ಲಿಂದಲೇ ಏಳುತ್ತಿದ್ದುದರಿಂದ ಯಾರಿಗೂ ಅನುಮಾನವಿಲ್ಲ. ನಾನು ಅಷ್ಟು ಹೊತ್ತು ಅಡುಗೆಮನೆಯಲ್ಲಿ ನಿಂತು ಸೌಟು, ತಟ್ಟೆ ಸದ್ದು ಮಾಡುತ್ತಿರಬೇಕು. ಅಜ್ಜಿ ನಡುಮನೆಯಿಂದ ಕೂಗುತ್ತಿದ್ದಳು, ‘ಈಗ ಸೊಪ್ಪು ಹಾಕು, ಕುದಿ ಬಂತಾ?’ ನಾನು, ‘ಬಂತಜ್ಜಿ’ ಅನ್ನುತ್ತಿದ್ದೆ. ಹಿತ್ತಲಲ್ಲಿ ಅಪ್ಪ ಸದ್ದಿಲ್ಲದೆ ನಗುತ್ತಿದ್ದ. ಅವನ ಆ ನಗುವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮ ಮನೆಯಲ್ಲಿ ಅವನು ನಗುವಂಥದ್ದು ಏನೂ ನಡೆಯುತ್ತಿರಲಿಲ್ಲ.

ಆ ಮನುಷ್ಯ ಒಲೆಯ ಮುಂದೆ ಬೇರೆಯೇ ಆಗಿಬಿಡುತ್ತಿದ್ದ. ಒಂದೊಂದು ಕೆಲಸಕ್ಕೂ ಕೈ ತೊಳೆಯುತ್ತಿದ್ದ. ಹೆಚ್ಚಿದ ಸೊಪ್ಪು ಒಂದೇ ಅಳತೆ. ಮಡಕೆಯಿಂದ ಒಂದು ಹನಿ ಹೊರಗೆ ಚೆಲ್ಲಿದರೆ ಒರೆಸಿಯೇ ಮುಂದಿನ ಮಾತು. ಅವತ್ತು ಬಸ್ಸಾರು ಮಾಡಿದ. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ಸುಟ್ಟ ಈರುಳ್ಳಿ, ಕಾಯಿ, ಕಾರ ಅರೆದು ಹಾಕಿ ಕುದಿಸಿದ್ದು. ದೊರೆಯ ಮನೆಯಲ್ಲಿ ಇದೆಲ್ಲ ಎಲ್ಲಿ ಕಲಿತೆ ಎಂದು ಕೇಳಿದೆ.

‘ಅಲ್ಲೆಲ್ಲಿ ಬಸ್ಸಾರು? ಚಿಕ್ಕೋನಿದ್ದಾಗ ಅವ್ವ ಮಾಡೋದು ನೋಡ್ತಾ ಕೂತ್ಕೊಳ್ತಿದ್ದೆ. ಈರುಳ್ಳಿ ಕೆಂಡದಲ್ಲೇ ಸುಡೋಳು. ಬೇರೆಯೋರು ಹಂಗೆ ಮಾಡಲ್ಲ.’

ನಾನು ತಟ್ಟೆಯನ್ನು ಹಿತ್ತಲ ಬಾಗಿಲಿಂದ ಒಳಗೆ ತಂದು, ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ನಡುಮನೆಗೆ ಒಯ್ದೆ. ಅಜ್ಜಿ ಎಡಗೈಯಲ್ಲಿ ಉಣ್ಣಲಾರದೆ ನಾನೇ ತುತ್ತು ಕೊಡಬೇಕಿತ್ತು. ಮೊದಲ ತುತ್ತಿಗೆ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಒಂದು ಮುದ್ದೆ ಪೂರ್ತಿ ಉಂಡು ಇನ್ನರ್ಧ ಕೇಳಿದಳು. ಹಾಗೆ ಹತ್ತು ದಿನ ನಡೆಯಿತು. ಸೊಪ್ಪಿನ ಹುಳಿ, ಹುರುಳಿ ಸಾರು, ಅವರೆಬೇಳೆ, ಒಂದು ದಿನ ಬೆಲ್ಲ ಹಾಕಿದ ಶಾವಿಗೆ. ಅಪ್ಪ ಹಿತ್ತಲ ಬಾಗಿಲ ಹೊರಗೆ ನಿಂತು, ಖಾಲಿ ತಟ್ಟೆ ವಾಪಸು ಬರುವುದನ್ನೇ ಕಾಯುತ್ತಿದ್ದ. ತಟ್ಟೆ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಉಪ್ಪು ಸರಿಯಿತ್ತಂತಾ?’ ಎಂದು ಪಿಸುಗುಡುತ್ತಿದ್ದ. ಅಜ್ಜಿಯ ಮುಖಕ್ಕೆ ಕಳೆ ಬಂತು. ‘ನನ್ನ ಮೊಮ್ಮಗಳ ಕೈಗೆ ರುಚಿ ಹತ್ತಿತು’ ಎಂದು ಅವಳು ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಳು. ಇನ್ನೊಬ್ಬರ ಹೊಗಳಿಕೆ ಹೊತ್ತು ತಿರುಗುವುದು ಇನ್ನೊಬ್ಬರ ಚಪ್ಪಲಿ ಮೆಟ್ಟಿ ನಡೆದ ಹಾಗೆ. ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತದೆ.

ಹತ್ತನೆಯ ದಿನ ಗುಡಿ ಬೀದಿಯ ನೀಲಮ್ಮನವರು ಅಜ್ಜಿಯ ಕೈ ನೋಡಲು ಬಂದರು. ನಮ್ಮವರೇ, ಅಜ್ಜಿಗಿಂತ ಸ್ವಲ್ಪ ಚಿಕ್ಕವರು. ಊಟದ ಹೊತ್ತು. ಅಜ್ಜಿ ಬಲವಂತ ಮಾಡಿ ಅವರನ್ನೂ ಕೂರಿಸಿದಳು. ಎಷ್ಟೋ ವರ್ಷದ ಮೇಲೆ ನಮ್ಮವರೊಬ್ಬರು ನಮ್ಮ ಮನೆಯಲ್ಲಿ ತಟ್ಟೆಯ ಮುಂದೆ ಕೂತದ್ದು. ಅಜ್ಜಿಯ ಸಂಭ್ರಮ ಹೇಳತೀರದು. ಮುದ್ದೆ, ಬಸ್ಸಾರು. ನೀಲಮ್ಮನವರು ಚಪ್ಪರಿಸಿಕೊಂಡು ಉಂಡರು.

‘ಏನ್ ರುಚಿ ರೀ ಇದು! ಈ ಕೂಸಾ ಮಾಡಿದ್ದು?’

‘ನಂದೇ ಕೈ ಕಣ್ರೀ’ ಅಂದಳು ಅಜ್ಜಿ. ‘ಈರುಳ್ಳಿ ಕೆಂಡದಲ್ಲಿ ಸುಡೋದು ನಾನು ಹೇಳ್ಕೊಟ್ಟಿಲ್ಲ, ಆದ್ರೂ ಬಂದೈತೆ. ರಕ್ತದಲ್ಲಿ ಬರ್ಬೇಕು ಅದು. ನನ್ನ ಮಗನ ಕೈಯಲ್ಲಿ ಸತ್ತೋಯ್ತು. ಆ ಕೈಯಿನ್ನು ಸುಡುಗಾಡಿಗೇ ಸರಿ. ಮೊಮ್ಮಗಳ ಕೈಯಲ್ಲಿ ಉಳ್ಕೊಂತು, ನಮ್ಮಪ್ಪ ಶಿವ ದೊಡ್ಡೋನು.’

ಅಪ್ಪ ಹಿತ್ತಲಲ್ಲಿದ್ದ. ಬೇಸಗೆಯ ಗಾಳಿಗೆ ಎಲ್ಲ ಬಾಗಿಲೂ ತೆರೆದಿದ್ದವು. ನಡುಮನೆಯಲ್ಲಿ ನಾನಿದ್ದ ಕಡೆಯಿಂದ ನೋಡಿದರೆ ಒಂದರ ಹಿಂದೊಂದು ಬಾಗಿಲುಗಳ ಆಚೆ ಅವನ ಬೆನ್ನು ಕಾಣುತ್ತಿತ್ತು. ಮಡಕೆ ತೊಳೆಯುತ್ತಿದ್ದ ಕೈ ನಿಂತಿತು, ಮತ್ತೆ ತೊಳೆಯತೊಡಗಿತು. ಅಷ್ಟೇ. ಅವನು ತಿರುಗಿದ್ದರೆ, ಏನಾದರೂ ಅಂದಿದ್ದರೆ, ನಾನು ಸುಮ್ಮನಿರುತ್ತಿದ್ದೆನೋ ಏನೋ. ಮತ್ತೆ ತೊಳೆಯತೊಡಗಿದ್ದು ನನ್ನಿಂದ ತಡೆಯಲಾಗಲಿಲ್ಲ.

‘ನಾನಲ್ಲ ಅಜ್ಜಿ’ ಅಂದೆ. ‘ಅಪ್ಪ ಮಾಡಿದ್ದು. ಹತ್ತು ದಿನದಿಂದ ಅಪ್ಪಾನೇ ಮಾಡ್ತಿರೋದು. ನೀನು ಉಂಡಿದ್ದೆಲ್ಲ ಅಪ್ಪನ ಕೈಯಡುಗೆ.’

ನೀಲಮ್ಮನವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅವರು ಎದ್ದು, ಬೀದಿಗೆ ಓಡಿ, ಮೋರಿಯ ಬದಿಯಲ್ಲಿ ಬಗ್ಗಿ ಗಂಟಲಿಗೆ ಬೆರಳು ಹಾಕಿಕೊಂಡರು. ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಎಡಗೈಯಿಂದ ತಟ್ಟೆಯನ್ನು ಮೆಲ್ಲಗೆ ದೂರ ಸರಿಸಿದಳು. ಅದನ್ನು ಸರಿಸಿದ ರೀತಿ ನೋಡಿದಾಗ ಆ ಹಳ್ಳಿಯ ಊಟದ ಸಾಲಿನಿಂದ ಅವಳು ಹೇಗೆ ಎದ್ದಿರಬಹುದು ಎಂದು ನನಗೆ ಕಣ್ಣಿಗೆ ಕಟ್ಟಿತು. ನಾನು ಅವಳಿಗೆ ಅದನ್ನೇ ಎರಡನೆಯ ಸಲ ಮಾಡಿದ್ದೆ.

ಅಂದಿನಿಂದ ಅಜ್ಜಿ ಅನ್ನ ನೀರು ಬಿಟ್ಟಳು. ಅಪ್ಪ ಅವಳ ಚಾಪೆಯ ಹತ್ತಿರ ಬಂದು, ‘ಅವ್ವಾ, ಹಾಲಾದ್ರೂ ಕುಡಿ. ಟೈಲರ್ ಮನೆ ಆಡಿಂದಲ್ಲ, ಗೌಳಿಗರದ್ದೇ’ ಎಂದು ಬೇಡಿಕೊಂಡ. ಅವಳು ಬಾಯಿ ಬಿಡಲಿಲ್ಲ. ಗುಡಿ ಬೀದಿಯಲ್ಲೆಲ್ಲ ಸುದ್ದಿಯಾಗಿತ್ತು. ಮೂರನೆಯ ದಿನಕ್ಕೆ ಅಜ್ಜಿಯ ತುಟಿ ಒಡೆಯಿತು. ಅಪ್ಪ ಅಂಗಿ ಹಾಕಿಕೊಂಡು ಹೋಗಿ ಅಯ್ಯನವರನ್ನು, ಅಂದರೆ ನಮ್ಮ ಮನೆತನಕ್ಕೆ ಗುರುವಾಗಿದ್ದವರನ್ನು, ಕರೆದುಕೊಂಡು ಬಂದ. ನಮ್ಮವರು ಹತ್ತು ಹನ್ನೆರಡು ಜನ ನಡುಮನೆಯಲ್ಲಿ, ಜಗಲಿಯಲ್ಲಿ ನೆರೆದರು. ಮಣ್ಣಿನ ಮಡಕೆಗಳನ್ನು ಒಡೆದರು. ಒಲೆ ಕಿತ್ತು ಹೊಸದು ಹಾಕಿದರು. ಅಡುಗೆಮನೆಗೆ ಸಗಣಿ ಬಳಿದರು. ನನಗೆ, ಅಜ್ಜಿಗೆ, ನೀಲಮ್ಮನವರಿಗೆ ಪಾದೋದಕ ಕೊಟ್ಟರು. ಅಪ್ಪನಿಗೆ ಮಾತ್ರ ಅಷ್ಟು ಸುಲಭವಿರಲಿಲ್ಲ. ತಣ್ಣೀರು ಹಾಕಿಕೊಂಡು ಒದ್ದೆ ಪಂಚೆಯಲ್ಲಿ ಎಲ್ಲರೆದುರು ಉದ್ದಂಡ ಬಿದ್ದು, ಮೂರು ಸಲ ‘ತಪ್ಪಾಯ್ತು’ ಅನ್ನಬೇಕಿತ್ತು. ಮೊದಲ ಸಲ ಅಂದದ್ದು ಕೇಳಿಸಲಿಲ್ಲ ಎಂದು ಜಗಲಿಯಿಂದ ಯಾರೋ ಹೇಳಿದರು. ಅಪ್ಪ ಮತ್ತೆ ಮೊದಲಿನಿಂದ ಅಂದ.

ಏನು ತಪ್ಪು? ಹಸಿದ ತಾಯಿಗೆ ಉಣಿಸಿದ್ದೇ? ಎಂದು ಕೇಳುವವರು ಆ ಹನ್ನೆರಡು ಜನರಲ್ಲಿ ಒಬ್ಬರಿರಲಿಲ್ಲ. ಕೇಳಬೇಕಾದ ನಾನು ಬಾಗಿಲ ಸಂದಿಯಲ್ಲಿ ನಿಂತು ಲಂಗದ ಅಂಚು ಕಡಿಯುತ್ತಿದ್ದೆ. ಎಲ್ಲ ಮುಗಿದು ಜನ ಚದುರಿದ ಮೇಲೆ ಅಯ್ಯನವರು ಅಪ್ಪನನ್ನು ಸಂದಿಯ ಕಡೆ ಕರೆದು ದನಿ ತಗ್ಗಿಸಿ ಮಾತಾಡಿದ್ದು ಮಾತ್ರ ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು.

‘ನೋಡಪ್ಪ, ನಿಮ್ಮ ದೊರೆಗೆ ಹೇಳಿ ನಮ್ಮ ದೊಡ್ಡ ಮಗನಿಗೆ ಏನಾದ್ರೂ ಆಗುತ್ತಾ ನೋಡು. ಅಡುಗೆ ಪಡುಗೆ ಬೇಡ. ಬರೆಯೋದು, ಗೋಡೌನು, ಇಂಥದ್ದು.’

‘ಕೇಳ್ತೀನಿ ಬುದ್ಧಿ’ ಅಂದ ಅಪ್ಪ. ಒದ್ದೆ ಪಂಚೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವನು ನಿಜವಾಗಿಯೂ ಕೇಳಿದ. ಆ ಮಗನಿಗೆ ಕೆಲಸವೂ ಆಯಿತು.

ನೀಲಮ್ಮನವರ ಸೊಸೆ ಬಂದು ಕಾಯಿಸಿಕೊಟ್ಟ ಗಂಜಿಯನ್ನು ಅಜ್ಜಿ ಕುಡಿದಳು. ಕುಡಿದು ಚೇತರಿಸಿಕೊಂಡ ಮೇಲೆ ಅಪ್ಪನನ್ನು ಕರೆದು ಮೊದಲ ಬಾರಿಗೆ ಮೆತ್ತಗೆ ಹೇಳಿದಳು:

‘ಈಗ ಚೊಕ್ಕಟ ಆಗಿದೀಯ ಕಣೋ. ಆ ಕೆಲಸ ಬಿಟ್ಬಿಡು. ನಾಳೆಯಿಂದ ಒಳಗೆ ಬಾ, ಒಲೆ ಮುಂದೆ ಕೂತ್ಕೊಂಡು ಉಣ್ಣು.’

‘ಬಿಟ್ರೆ ಒಲೆ ಹಚ್ಚೋದು ಯಾತರಲ್ಲಿ ಅವ್ವ?’ ಅಂದ ಅಪ್ಪ.

ದೊರೆಯ ಸಂಸಾರ ನೀಲಗಿರಿಯಿಂದ ಇಳಿದು ಬಂದ ದಿನ ಅವನು ಎಂದಿನಂತೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟು ಸೈಕಲ್ ಹತ್ತಿದ. ಬಂದಾಗ ಎಂದಿನಂತೆ ಮನೆ ಸುತ್ತಿ ಒಳಗೆ ಬಂದ. ಹನ್ನೆರಡು ಜನ ಸೇರಿ ತೊಳೆದದ್ದು ಹತ್ತು ದಿನ ಕೂಡ ಬಾಳಲಿಲ್ಲ.

ಅಮ್ಮ ತಮ್ಮನನ್ನು ಎತ್ತಿಕೊಂಡು ಬಂದಾಗ ಬೀದಿಯವರು ಅವಳಿಗೆ ಎಲ್ಲ ಹೇಳಿಬಿಟ್ಟಿದ್ದರು. ಬೈಯುತ್ತಾಳೆ ಎಂದು ನಾನು ಹೆದರಿದ್ದೆ. ಅವಳು ಕೂಸಿಗೆ ಹಾಲು ಕುಡಿಸುತ್ತಾ, ನನ್ನ ಕಡೆ ನೋಡದೆ ಕೇಳಿದಳು:

‘ಹೆಂಗಿತ್ತೇ?’

‘ಏನಮ್ಮ?’

‘ಅವರ ಅಡುಗೆ. ನೀನು ಹತ್ತು ದಿನ ಉಂಡಿದೀಯ. ನನಗೆ ಅಷ್ಟೂ ಇಲ್ಲ.’

ನಾನು ಬಸ್ಸಾರಿನ ವಿಷಯ ಹೇಳಿದೆ, ಶಾವಿಗೆಯ ವಿಷಯ ಹೇಳಿದೆ. ಅವಳು ಮಧ್ಯೆ ಮಧ್ಯೆ ‘ಹೂಂ’ ಅನ್ನುತ್ತಾ ಕೇಳಿದಳು, ಕಥೆ ಕೇಳುವ ಮಕ್ಕಳ ಹಾಗೆ. ಅಜ್ಜಿ ಇನ್ನೂ ಐದಾರು ವರ್ಷ ಬದುಕಿದ್ದಳು. ಕೊನೆಗಾಲದಲ್ಲಿ ಮಗನ ಕೈಯಿಂದ ಒಂದು ತುತ್ತು ಉಂಡಳು ಎಂದು ಬರೆಯುವ ಆಸೆ ನನಗಿದೆ. ಹಾಗೆ ಆಗಲಿಲ್ಲ. ದೊರೆಗಳೆಲ್ಲ ಹಡಗು ಹತ್ತಿದ ಮೇಲೆ ಅಪ್ಪ ಒಂದು ಆಸ್ಪತ್ರೆಯ ಅಡುಗೆಮನೆ ಸೇರಿದ. ಅಲ್ಲಿ ಬರೀ ಗಂಜಿ, ಬೇಳೆ, ಬ್ರೆಡ್ಡು. ಅಜ್ಜಿಗೆ ಅದೂ ಒಪ್ಪಿಗೆಯಾಗಲಿಲ್ಲ; ಕೈ ಅದೇ ತಾನೇ ಅಂದಳು. ಅವಳು ಹೋದ ಮೇಲಾದರೂ ಅಪ್ಪ ಅಡುಗೆಮನೆಗೆ ಬರಬಹುದಿತ್ತು. ಅಮ್ಮ ಕರೆದಳು, ನಾವು ಕರೆದೆವು. ಅವನು ಹೊಸ್ತಿಲವರೆಗೆ ಬಂದು, ‘ಇರ್ಲಿ, ಅಭ್ಯಾಸ ತಪ್ಪೋಗಿದೆ’ ಎಂದು ನಿಂತುಬಿಡುತ್ತಿದ್ದ. ಕಾಯುವವರಿಲ್ಲದ ಹೊಸ್ತಿಲನ್ನೂ ಅವನು ದಾಟಲಿಲ್ಲ. ಇದಕ್ಕೆ ಯಾರ ಮೇಲೆ ಸಿಟ್ಟಾಗಬೇಕೋ ನನಗೆ ಗೊತ್ತಾಗಲಿಲ್ಲ.

ನಾನು ಮುಂದೆ ಶಾಲೆಯಲ್ಲಿ ಮೇಡಮ್ಮಾದೆ. ‘ಯಾವಾಗಲೂ ನಿಜವನ್ನೇ ಹೇಳಬೇಕು’ ಎಂದು ವರ್ಷಗಟ್ಟಲೆ ಮಕ್ಕಳ ಕೈಲಿ ಕಾಪಿ ಬರೆಸಿದೆ. ಬರೆಸುವಾಗೆಲ್ಲ ಕೈ ಒಂದಿಷ್ಟು ತಡೆಯುತ್ತಿತ್ತು. ನಾನು ಅವತ್ತು ನಿಜ ಹೇಳಿದ್ದು ಅಪ್ಪನಿಗಾಗಿ ಎಂದು ಬಹಳ ಕಾಲ ನಂಬಿದ್ದೆ. ಒಂದು ಭಾನುವಾರ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಇಬ್ಬರೇ ಕೂತಿದ್ದಾಗ ಧೈರ್ಯ ಮಾಡಿ ಕೇಳಿದೆ.

‘ಅಪ್ಪ, ಅವತ್ತು ಅಜ್ಜಿಗೆ ನಾನು ಹೇಳ್ಬಿಟ್ಟೆನಲ್ಲ. ನಿನಗೆ ನನ್ನ ಮೇಲೆ ಕೋಪ ಬಂತಾ?’

ಅವನು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

‘ನೀನು ಹೇಳಿದ್ದು ಸುಳ್ಳಲ್ಲ. ಆದ್ರೆ ನನ್ನ ವಿಷಯ ಅಲ್ವಾ ಮಗಳೇ, ನನ್ನ ಒಂದು ಮಾತು ಕೇಳ್ಬೇಕಿತ್ತು.’

‘ಅವಳಿಗೆ ಗೊತ್ತಾಗ್ಲಿ ಅಂತ ಹೇಳ್ದೆ. ನಿನ್ನ ಕೈ ಅಂಥದ್ದು ಅಂತ ಗೊತ್ತಾಗ್ಲಿ ಅಂತ.’

‘ಗೊತ್ತಾಗೋದು ನನಗೇನೂ ಬೇಕಿರ್ಲಿಲ್ಲ’ ಅಂದ ಅಪ್ಪ. ‘ಅವ್ವ ಉಣ್ತಿದ್ಲು. ಕೈ ಕಟ್ಟು ಬಿಚ್ಚೋವರ್ಗೂ ಇನ್ನೂ ಇಪ್ಪತ್ತು ದಿನ ಉಣ್ತಿದ್ಲು.’